ತುಳಸವ್ವನ ಮನೆಯ ಎರಡನೆಯ ಒಲೆ

ಏಕಸಂಬಿಯ ತುಳಸವ್ವನ ಮನೆಯಲ್ಲಿ ಹೋದ ವರ್ಷ ಒಂದು ಗಹನವಾದ ಪ್ರಶ್ನೆ ಎದ್ದಿತು: ಮಗ ಭರಮುವಿಗೆ ಮಜ್ಜಿಗೆ ಯಾರು ಬಡಿಸಬೇಕು? ಹಿರಿಯರು ಕೂಡಿ, ಎಲೆ ಅಡಿಕೆ ತೀರುವವರೆಗೆ ಚರ್ಚಿಸಿ, ತಾಯಿಯೇ ಬಡಿಸಲಿ ಎಂದು ತೀರ್ಮಾನಿಸಿದರು. "ಯಾರರ ಬಡಸ್ರಿ, ಒಳಗ ಹೋಗವಲ್ದು," ಎಂದ ಭರಮು. ರೋಗಿಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿತ್ತಲಲ್ಲಿ ಎರಡನೆಯ ಒಲೆ ಹೂಡಿದರು. ಸೊಸೆ ನೀಲಮ ಮುಟ್ಟಿದ್ದು ಗಂಡನ ತಾಟಿಗೆ ಬರುವಂತಿರಲಿಲ್ಲ.

ಭರಮುವಿಗೆ ವರ್ಷಗಳಿಂದ ದೊಡ್ಡ ಕರುಳಿನಲ್ಲಿ ಹುಣ್ಣು. ಹೊರಕಡೆಗೆ ಹೋದರೆ ರಕ್ತ. ಮಿರಜದ ಡಾಕ್ಟರರ ಗುಳಿಗೆಯಿಂದ ಹತೋಟಿಯಲ್ಲಿತ್ತು. ಆದರೂ ಒಮ್ಮೆ ರಕ್ತ ಮರುಕಳಿಸಿದಾಗ ತುಳಸವ್ವ ಹೊಟ್ಟೆಗೆ ಹಾಕಿದ ಕೈಮದ್ದು ತೆಗೆಯುವ ಸಂಭಾಜಿಯನ್ನು ಕರೆಸಿದಳು. ಅವನು ನಾಡಿ ಹಿಡಿದು, "ಅನ್ನದಾಗ ಮದ್ದ ಹಾಕ್ಯಾರ," ಎಂದ. ಯಾರೆಂದು ಹೇಳಲಿಲ್ಲ, ಅಡುಗೆಮನೆಯ ಕಡೆ ನೋಡಿದ, ಅಷ್ಟೆ. ಕಷಾಯ ಕುಡಿಸಿ, ವಾಂತಿ ಮಾಡಿಸಿ, ಕಪ್ಪು ಗಂಟೊಂದನ್ನು ಎತ್ತಿ ತೋರಿಸಿದ. ಗುಳಿಗೆ ಬಿಡಿಸಿದ. ತಿಂಗಳುಗಳು ಕಳೆದಂತೆ ಹೊಟ್ಟೆ ಉಬ್ಬಿತು, ಮಲ ಕಟ್ಟಿತು, ಮೈ ಇಳಿಯಿತು. "ಮದ್ದಿನ ಬೇರ ಇನ್ನೂ ಒಳಗ ಉಳದೈತಿ," ಎಂದ ಸಂಭಾಜಿ.

ಊರಲ್ಲಿ ಸಂಭಾಜಿ ಯಾರ ಹೊಟ್ಟೆಯಿಂದ ತೆಗೆದರೂ ಗಂಟು ಅದೇ ಬಣ್ಣ, ಅದೇ ಗಾತ್ರ. ಅದು ಯಾರಿಗೂ ಸೋಜಿಗವೆನಿಸಿರಲಿಲ್ಲ. ನೀಲಮಗೆ ಅನಿಸಿತು.

"ದೇವ್ರ ಮುಂದ ಆಣಿ ಮಾಡ ಬೇ, ಮದ್ದ ಹಾಕಿಲ್ಲಂತ," ಎಂದಳು ತುಳಸವ್ವ.

"ಆಣಿ ಮಾಡಂಗಿಲ್ರಿ ಅತ್ತಿ. ಐತ್ಯೋ ಇಲ್ಲೋ ನೋಡೂನು ನಡೀರಿ. ಒಳಗ ಕ್ಯಾಮೆರಾ ಬಿಟ್ಟ ನೋಡ್ತಾರ."

"ನನಗ ತೋರಸ್ತಾರೇನ?"

"ನಿಮಗ ತೋರಸಾಕನ ಕರಿಯಾಕತ್ತೀನ್ರಿ."

ತುಳಸವ್ವನಿಗೆ ಮಗನ ಚಿಂತೆಯಷ್ಟೇ ಕುತೂಹಲವೂ ಇತ್ತು. ಹೊರಟಳು.

ಮಿರಜದಲ್ಲಿ ಡಾಕ್ಟರು ಪರದೆಯ ಮೇಲೆ ಚಿತ್ರ ಓಡಿಸಿದರು. ತುಳಸವ್ವ ಮೂಗು ತಾಗುವಷ್ಟು ಹತ್ತಿರ ಹೋದಳು. "ಇನ್ನೊಂಚೂರ ಮುಂದ ಬಿಡ್ರಿ ಸಾಹೇಬ್ರ. ಆ ತಿರುವಿನ್ಯಾಗ ಕುಂತಿರ್ತೈತಿ."

"ಮುಂದಿಲ್ಲವ್ವಾ. ಕ್ಯಾಮೆರಾ ಅಲ್ಲೇ ನಿಂತೈತಿ."

"ಯಾಕ?"

"ದಾರಿನೇ ಇಲ್ಲ. ಹುಣ್ಣಾಗಿ, ಮಾಯ್ದು, ಮತ್ತ ಹುಣ್ಣಾಗಿ ಕರಳ ಇರುಕಾಗೈತಿ. ಗುಳಿಗಿ ಬಿಡದಿದ್ರ ಇಷ್ಟ ಲಗೂನ ಆಗ್ತಿರಲಿಲ್ಲ. ಇಂಥಾ ಕಡೆ ಕ್ಯಾನ್ಸರೂ ಅಡಗಿರತೈತಿ, ಚೂರು ತಗದ ತಪಾಸಣೆಗೆ ಕಳಿಸೀನಿ. ಏನ ಬಂದ್ರೂ ದೊಡ್ಡ ಕರಳ ತಗೀಬೇಕು. ಮಲ ಹೋಗಾಕ ಹೊಟ್ಟಿ ಮ್ಯಾಲ ಚೀಲ ಇಡ್ತೀವಿ."

"ಮದ್ದ?"

"ನಾ ನೋಡಿದಷ್ಟು ದೂರ ಇಲ್ಲ."

"ನೋಡಲಾರದಷ್ಟು ದೂರದಾಗ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನೀಲಮ ಹೇಳಿದಳು: "ಅತ್ತಿ, ತಗದ ಕರಳ ಹೊರಗ ತಂದ ತೋರಸ್ತಾರ. ಅವಾಗ ನೀವ ಹುಡಕ್ರಿ. ಅಲ್ಲಿತನಕ ಸಂಭಾಜಿ ನಮ್ಮ ಹೊಸ್ತಿಲ ತುಳಿಯಂಗಿಲ್ಲ."

ಅತ್ತೆ ಒಪ್ಪಿದಳು. ಶಸ್ತ್ರಕ್ರಿಯೆಯ ದಿನ ತೆಗೆದ ಕರುಳು ಟ್ರೇಯಲ್ಲಿ ಬಂತು. ತುಳಸವ್ವ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇರುಕಿನ ಹತ್ತಿರ ಬಹಳ ಹೊತ್ತು ನಿಂತಳು.

ಕ್ಯಾನ್ಸರ್ ಇರಲಿಲ್ಲ. ಮದ್ದೂ ಇರಲಿಲ್ಲ. ಭರಮು ಹೊಟ್ಟೆಯ ಮೇಲೆ ಚೀಲ ಹೊತ್ತು ಮನೆಗೆ ಬಂದ. ನೀಲಮ ಮಜ್ಜಿಗೆ ಬಡಿಸಿದಳು.