ಒಂದೇ ಕೈಯಲ್ಲಿ ತೆರೆಯುವ ಮುಚ್ಚಳ

ಜಿಪ್ಪನ್ನು ಮುಕ್ಕಾಲು ಪಾಲು ಎಳೆದು ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದಾಗ ಅವಳಿಗೆ ಮೊದಲು ತಾಗಿದ್ದು ತಣ್ಣನೆಯ ಲೋಳೆ. ಟಬ್ಬಿನ ಮುಚ್ಚಳದ ರೆಕ್ಸಿನ್ ಹೊದಿಕೆಯೊಳಗಿನ ಥರ್ಮಾಕೋಲ್ ಹಲಗೆಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಎಲ್ಲೋ ಹರಿದಿತ್ತು. ಆ ಹರಕಿನಿಂದ ವರ್ಷಗಟ್ಟಲೆ ಹಬೆ ನುಗ್ಗಿ, ಹೂವಿನಷ್ಟು ಹಗುರವಿರಬೇಕಾದ ಹಲಗೆ ನೀರು ಕುಡಿದು ಕಲ್ಲುಚಪ್ಪಡಿಯಾಗಿತ್ತು. ಅಂಚನ್ನು ಒತ್ತಿದಳು. ಜಿಪ್ಪಿನ ಹಲ್ಲುಗಳ ನಡುವಿನಿಂದ ಕಂದು ನೀರು ಇಳಿದು ಅವಳ ಪಾದದ ಮೇಲೆ ಬಿತ್ತು.

"ಎಷ್ಟು ಕುಡಿದಿದೆ?" ಅತ್ತೆ ಟಬ್ಬಿನ ಮೆಟ್ಟಿಲ ಮೇಲೆ ಕೂತು ಟವೆಲ್ಲಿನಿಂದ ಕಿವಿ ಒರೆಸಿಕೊಳ್ಳುತ್ತ ಕೇಳಿದರು.

"ಹೊಟ್ಟೆ ತುಂಬ."

"ನಿನ್ನ ಮಾವನ ಹಾಗೆ ಅನ್ನು. ಕುಡಿದಿದ್ದು ಗೊತ್ತಾಗ್ತಿದ್ದಿದ್ದೇ ಎತ್ತೋಕೆ ಹೋದಾಗ."

ಅವಳಿಗೆ ನಗು ತಡೆಯಲಾಗಲಿಲ್ಲ. "ಸ್ವಲ್ಪ ಒಣಗಿಸಿದ್ರೆ ಸರಿಹೋಗುತ್ತೆ, ಅತ್ತೆ," ಎಂದು ಜಿಪ್ಪು ಎಳೆದಳು. ಸರಿಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹಿತ್ತಲಿನ ಈ ಬಿಸಿನೀರಿನ ಟಬ್ಬು ಬಂದದ್ದು ಅತ್ತೆಯ ಮಂಡಿನೋವಿಗಾಗಿ. ಬಾಗಿಲು ಹಾಕಿದ ಒಂದು ಲಾಡ್ಜಿನಿಂದ ಅವಳ ಗಂಡ ಆರು ವರ್ಷದ ಹಿಂದೆ ತಂದಿದ್ದ. ಬೆಳಗ್ಗೆ ಆರಕ್ಕೆ ಅವಳು ಮುಚ್ಚಳದ ಅರ್ಧವನ್ನು ಇನ್ನರ್ಧದ ಮೇಲೆ ಮಡಚಿ, ಎರಡನ್ನೂ ಸೊಂಟ ಕೊಟ್ಟು ಹಿಂದಕ್ಕೆ ತಳ್ಳುತ್ತಾಳೆ. ಅತ್ತೆ ಕಂಬಿ ಹಿಡಿದು ಇಳಿದು, ಗದ್ದದವರೆಗೆ ಮುಳುಗಿ, "ಅಬ್ಬಾ" ಎನ್ನುತ್ತಾರೆ. ಅರ್ಧ ಗಂಟೆ ಅವಳು ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿರುತ್ತಾಳೆ. ಮತ್ತೆ ಮುಚ್ಚಬೇಕಲ್ಲ.

ತಿಂಗಳಿಂದ ಗಂಡ ಒಂದೇ ಪಲ್ಲವಿ ಹಾಡುತ್ತಿದ್ದ. ಅಂದೂ ಬೂಟಿನ ದಾರ ಕಟ್ಟುತ್ತ ಕೇಳಿದ: "ಮುಚ್ಚಳದ ಅಳತೆ ತಗೊಂಡ್ಯಾ?"

"ನಾಳೆ."

"ನಿನ್ನ ನಾಳೆಗೆ ಗಡ್ಡ ಬಂತು ಕಣೇ. ಹೊಸದಕ್ಕೆ ಎತ್ತೋ ಸರಳು ಬರುತ್ತಂತೆ, ಕಾರಿನ ಡಿಕ್ಕಿ ಬಾಗಿಲ ಥರ. ಅಮ್ಮ ಒಬ್ಬರೇ ತೆಗೀಬಹುದು. ನೀನೂ ಅರ್ಧ ಗಂಟೆ ಜಾಸ್ತಿ ಮಲಗಬಹುದು."

ಪಾಪ, ಪ್ರೀತಿಯಿಂದಲೇ ಹೇಳಿದ್ದ. ಆದರೆ ಅವಳ ಅಳತೆಪಟ್ಟಿ ಡ್ರಾಯರಿನಿಂದ ಹೊರಬರದೇ ಇದ್ದದ್ದು ಆ ಮಾತಿಗೇ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅದರಲ್ಲಿ ಹದಿನಾರು ವರ್ಷ ಅತ್ತೆ ಸೊಸೆ ಆಡಿದ್ದೆಲ್ಲ ಕೆಲಸದ ಮಾತು. ಹಾಲು ಉಕ್ಕೀತು, ಬಟ್ಟೆ ಒಣಗಿದ್ಯಾ, ಬಾಗಿಲು ಹಾಕ್ಕೋ. ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದೇ ಬಸ್ಸಿನಲ್ಲಿ ದಿನಾ ಓಡಾಡುವ ಇಬ್ಬರ ಹಾಗೆ. ನೀರಿಗಿಳಿದ ಮೇಲೆ ಅತ್ತೆ ಬೇರೆಯವರಾದರು. ಬೆನ್ನು ಇತ್ತ, ಮುಖ ಗೋಡೆಯತ್ತ. ಯಾರ ಕಣ್ಣನ್ನೂ ನೋಡಬೇಕಿಲ್ಲ ಎಂಬ ಧೈರ್ಯವೋ ಏನೋ, ಒಂದೊಂದೇ ಕಥೆ ಹಬೆಯ ಜೊತೆ ಮೇಲೆದ್ದು ಬರುತ್ತಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅಣ್ಣನ ಸೈಕಲ್ ಕದ್ದು ಪಕ್ಕದೂರಿನವರೆಗೆ ತುಳಿದು, ವಾಪಸು ಬರುವ ದಾರಿ ತಪ್ಪಿದ್ದು. ಮೊದಲ ಮಗು ಉಳಿಯದೆ ಹೋದಾಗ ಒಬ್ಬರೂ ಆ ಮಗುವಿನ ಮೈಬಣ್ಣ ಹೇಗಿತ್ತು ಎಂದು ಕೇಳದೇ ಇದ್ದದ್ದು. ಒಂದು ಬೆಳಗ್ಗೆ ಹೇಳಿದ್ದರು: "ನೀನು ಬಂದ ಹೊಸದರಲ್ಲಿ ನಿನ್ನ ನಗು ಕೇಳಿದ್ರೆ ನಂಗೆ ಆಗ್ತಾನೇ ಇರ್ಲಿಲ್ಲ. ರೂಮಿನ ಬಾಗಿಲು ಹಾಕ್ಕೋತಿದ್ದೆ."

"ಆಮೇಲೆ?"

"ಆಮೇಲೆ ನೀನೇ ನಗೋದು ಕಮ್ಮಿ ಮಾಡಿದೆ. ನಾನು ಬಾಗಿಲು ತೆಗೆದಿಟ್ಕೊಂಡು ಕೂತೆ, ಕೇಳಿಸುತ್ತೇನೋ ಅಂತ."

ಅಂಥ ಅರ್ಧ ಗಂಟೆ. ಮುಚ್ಚಳ ಭಾರವಿದ್ದಷ್ಟು ಕಾಲ ಅದು ಅವಳದು. ಹೀಗಾಗಿ ಅವಳು ಮುಚ್ಚಳವನ್ನು ಸಾಕುತ್ತಿದ್ದಳು, ಹಾಗೆಂದೇ ಹೇಳಬೇಕು. ವಾರಕ್ಕೆರಡು ಸಲ ಬಿಸಿಲಿಗೆ ಬಿಚ್ಚಿಡುವುದು, ಮೆದು ಬಟ್ಟೆಯಿಂದ ತಿಳಿ ಸಾಬೂನು ನೀರಿನಲ್ಲಿ ಒರೆಸುವುದು, ಹರಿದ ಹೊಲಿಗೆಗೆ ಟೇಪು, ಮಡಿಕೆಯ ಸಂದಿಯ ಬೂಷ್ಟಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಗಂಡನಿಗೆ "ಇನ್ನೂ ಗಟ್ಟಿ ಇದೆ ರೀ" ಎಂಬ ಉತ್ತರ.

ಮರುವಾರ ಒಂದು ದಿನ ಅವಳ ಫೋನು ರಾತ್ರಿಯೇ ಚಾರ್ಜು ಮುಗಿದು ಸತ್ತು ಬಿದ್ದಿತ್ತು, ಅಲಾರಾಂ ಹೊಡೆಯಲಿಲ್ಲ. ಎಚ್ಚರವಾದಾಗ ಏಳಕ್ಕೆ ಹತ್ತು ನಿಮಿಷ. ಧಡಕ್ಕನೆ ಎದ್ದು ಅಡುಗೆಮನೆಗೆ ಬಂದವಳು ಕಿಟಕಿಯ ಬಳಿ ನಿಂತುಬಿಟ್ಟಳು.

ಅತ್ತೆ ಹಿತ್ತಲಲ್ಲಿದ್ದರು. ಹೆಗಲ ಮೇಲೆ ಟವೆಲ್ಲು, ಬರಿಗಾಲು. ಎರಡೂ ಕೈಯನ್ನು ಮುಚ್ಚಳದ ಅಂಚಿನಡಿ ಹಾಕಿ, ತುಟಿ ಕಚ್ಚಿ, ಒಂದು ಗೇಣು ಎತ್ತಿದರು. ಅದಕ್ಕಿಂತ ಮೇಲೆ ಏಳಲಿಲ್ಲ. ಸದ್ದಾಗದ ಹಾಗೆ ಮೆಲ್ಲಗೆ ಇಳಿಸಿ, ಯಾರಾದರೂ ನೋಡಿದರೇನೋ ಎಂದು ಮನೆಯ ಕಡೆ ತಿರುಗಿದರು. ಅವಳು ಕಿಟಕಿಯಿಂದ ಸರಿದಳು. ಮತ್ತೆ ಇಣುಕಿದಾಗ ಅತ್ತೆ ಮೆಟ್ಟಿಲ ಮೇಲೆ ಕೂತು, ಏಳಲೊಲ್ಲದ ದನವನ್ನು ಸಮಾಧಾನ ಮಾಡುವವರಂತೆ ಮುಚ್ಚಳವನ್ನು ತಟ್ಟುತ್ತಿದ್ದರು.

ಅವಳು ಚಪ್ಪಲಿಯನ್ನೂ ಹಾಕದೆ ಓಡಿದಳು. "ಕರೀಬಾರ್ದಿತ್ತಾ ಅತ್ತೆ?"

"ನಿದ್ದೆ ಮಾಡ್ತಿದ್ದೆಯಲ್ಲ. ಒಂದಿನ ಮಲಗ್ಲಿ ಬಿಡು ಅಂತ."

"ಎಷ್ಟು ಹೊತ್ತಾಯ್ತು ಬಂದು?"

"ಈಗಷ್ಟೇ."

ಮುಚ್ಚಳ ಸರಿಸಿ, ಇಳಿಸಲೆಂದು ಅತ್ತೆಯ ಪಾದ ಹಿಡಿದಳು. ಮಂಜುಗಡ್ಡೆ. ಟವೆಲ್ಲು ಇಬ್ಬನಿಗೆ ಒದ್ದೆ.

ಅತ್ತೆ ಆ ದಿನ ಕಥೆ ಹೇಳಲಿಲ್ಲ. ಗೋಡೆಗೆ ಹೇಳಿದರು: "ಒಬ್ಬರ ಹತ್ರ ಸಹಾಯ ಕೇಳೋದು ಅಂದ್ರೆ ನಂಗೆ ಮೊದಲಿಂದ್ಲೂ ಆಗಲ್ಲ ಕಣೇ. ಬಾಣಂತಿಯಾಗಿದ್ದಾಗ್ಲೂ ನೀರಿಗೆ ನಾನೇ ಎದ್ದು ಹೋಗ್ತಿದ್ದೆ. ಈಗ ದಿನಾ ಬೆಳಗಾದ್ರೆ ಕೇಳ್ಬೇಕು. ನೀನು ಬೇಜಾರು ಮಾಡ್ಕೊಳಲ್ಲ, ಅದು ಬೇರೆ ಮಾತು."

ಅವಳ ಕೈಯ ಕಾಫಿ ಆರಿತು. ಆರು ವರ್ಷ ತಾನು ವರವೆಂದುಕೊಂಡು ಕಾದಿಟ್ಟ ಅರ್ಧ ಗಂಟೆಗೆ ಈ ಹೆಂಗಸು ಪ್ರತಿದಿನ ಒಂದು ಸಲ ತಲೆ ತಗ್ಗಿಸಿ ಬಂದಿದ್ದರು.

ತಿಂಡಿಯ ಪಾತ್ರೆ ತೊಳೆಯುವ ಮೊದಲೇ ಅಳತೆಪಟ್ಟಿ ಹೊರಬಂತು. ಮುಚ್ಚಳ ಹೊಲಿಯುವವನಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿ ಇಟ್ಟಳು.

"ಹಳೇ ಮುಚ್ಚಳ ಅಳೀಬೇಡಿ ಮೇಡಂ, ಅದು ಉಬ್ಬಿರುತ್ತೆ. ಟಬ್ಬಿನ ಅಂಚು ಅಳೀರಿ, ಹೊರಗಿಂದ ಹೊರಕ್ಕೆ. ಮೂಲೆ ದುಂಡಗಿದ್ಯಾ?"

"ದುಂಡಗಿದೆ."

"ಹಾಗಾದ್ರೆ ಮೂಲೆಯ ಎರಡೂ ಪಕ್ಕಕ್ಕೆ ಒಂದೊಂದು ನೆಟ್ಟಗಿರೋ ಕೋಲು ಇಡಿ. ಕೋಲು ಕೂಡೋ ಕಡೆಯಿಂದ ದುಂಡು ಶುರುವಾಗೋ ಕಡೆವರೆಗೆ ಎಷ್ಟು ಅಂತ ಹೇಳಿ."

ನೆಲ ಒರೆಸುವ ಕೋಲನ್ನು ಅವಳು ಹಿಡಿದಳು, ತಮ್ಮ ಊರುಗೋಲನ್ನು ಅತ್ತೆ ಹಿಡಿದರು. ಎರಡೂ ಗಾಳಿಯಲ್ಲಿ ಟಕ್ಕೆಂದು ಕೂಡಿದವು. "ಕತ್ತಿವರಸೆ ಆಯ್ತಲ್ಲೇ ಇದು," ಎಂದರು ಅತ್ತೆ. ಎಂಟು ಇಂಚು.

"ಹಳೇದು ಬಿರುಕು ಬಿಟ್ಟಿದೆ ಅಂದ್ರಲ್ಲ, ಇಷ್ಟು ಬೇಗ ಯಾಕೆ? ರೆಕ್ಸಿನ್‌ಗೆ ಏನು ಹಚ್ತೀರಿ?" ಫೋನಿನಿಂದ ದನಿ ಬಂತು.

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಆಕಾಶ ನೋಡಿದರು.

"ಎಣ್ಣೆ," ಎಂದಳು. "ತಲೆಗೆ ಹಚ್ಚೋದು."

ಆ ಕಡೆಯವನು ನಕ್ಕುಬಿಟ್ಟ. "ಅಮ್ಮಾ, ಅದು ಮುಚ್ಚಳ. ಅದಕ್ಕೆ ಕೂದಲು ಬೆಳೆಸಬೇಕಾ?"

"ಹೊಳೀಲಿ ಅಂತ ಹಚ್ಚಿದೆ ಕಣಪ್ಪ," ಅತ್ತೆ ಫೋನಿನತ್ತ ಬಗ್ಗಿ ಕೂಗಿದರು. "ಎರಡು ವರ್ಷ ಹೊಳೀತಿತ್ತು, ಕನ್ನಡಿ ಥರ!"

"ಅತ್ತೆ ಒಡೆದದ್ದು ಹಳೇ ಗಡಿಗೆ ಅಂತಾರಲ್ಲ, ಹಾಗೆ," ಎಂದಳು ಅವಳು.

"ಸುಮ್ನಿರೇ, ಬಾಯಿ ಬಂತು ನಿಂಗೆ," ಎಂದವರ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

"ಎತ್ತೋ ಸರಳು ಬೇಕಾ ಮೇಡಂ? ಯಾರು ತೆಗೆಯೋದು ಮುಚ್ಚಳ?"

ಅಳತೆಪಟ್ಟಿಯನ್ನು ಸುತ್ತುತ್ತಿದ್ದ ಅವಳ ಬೆರಳು ನಿಂತಿತು. "ಎಪ್ಪತ್ತೆರಡು ವರ್ಷದೋರು," ಎಂದಳು. "ಒಬ್ಬರೇ ತೆಗೆಯೋದು."

ಅತ್ತೆ ಊರುಗೋಲಿನ ತುದಿಯನ್ನು ಸೆರಗಿನಲ್ಲಿ ಒರೆಸಿದರು, ಅಗತ್ಯಕ್ಕಿಂತ ಹೆಚ್ಚು ಹೊತ್ತು.

ಮೂರು ವಾರಕ್ಕೆ ಮುಚ್ಚಳದವನೇ ತಂದು ಹಾಕಿದ. ಹಳೆಯದನ್ನು ಗಾಡಿಗೆ ಏರಿಸಲು ಅವನೂ ಅವಳ ಗಂಡನೂ ಸೇರಿ ಏದುಸಿರು ಬಿಟ್ಟರು. ಹೊಸದು ಬೂದು ಬಣ್ಣ, ನಡುವೆ ಎತ್ತರ, ನೀರು ನಿಲ್ಲದಂತೆ ಎರಡು ಕಡೆ ಇಳಿಜಾರು. ಅತ್ತೆ ಮುಂದೆ ಬಂದು ಹಿಡಿ ಹಿಡಿದು ಎಳೆದರು. ಮುಚ್ಚಳ ಮಡಚಿಕೊಂಡು, ಉಸ್ಸೆಂದು, ತಾನೇ ಹಿಂದಕ್ಕೆ ಹೋಗಿ ನಿಂತಿತು. ಮುಚ್ಚಿದರು. ಮತ್ತೆ ತೆಗೆದರು. ಐದನೆಯ ಸಲ ಮಗ, "ಅಮ್ಮ, ಸರಳು ಸವೆದುಹೋದೀತು" ಎಂದ.

"ಸವೀಲಿ ಬಿಡು. ನಿಂಗೇನು ಕಷ್ಟ?" ಎಂದು ಆರನೆಯ ಸಲ ತೆಗೆದರು. ಆಮೇಲೆ ಸೊಸೆಯ ಕಡೆ ತಿರುಗಿ, "ನಾಳೆಯಿಂದ ನೀನು ಮಲಗು," ಎಂದರು. ದೊಡ್ಡ ಉಡುಗೊರೆ ಕೊಡುವವರ ದನಿಯಲ್ಲಿ.

ಹೋಗುವ ಮುನ್ನ ಮುಚ್ಚಳದವನು ಅವಳ ಕೈಗೆ ಆರೈಕೆಯ ಸೂಚನೆ ಬರೆದ ಒಂದು ಕಾಗದ ಕೊಟ್ಟ. "ತಿಂಗಳಿಗೊಂದು ಸಲ ಒರೆಸಿದ್ರೆ ಸಾಕು. ಸಾಬೂನು ತೆಳ್ಳಗಿರಲಿ. ಎಣ್ಣೆ ಮಾತ್ರ ಬೇಡ."

"ತಿಂಗಳಿಗಿಂತ ಜಾಸ್ತಿ ಒರೆಸಿದ್ರೆ ಕೆಡುತ್ತಾ?"

"ಬರೀ ನೀರಲ್ಲಾದ್ರೆ ಎಷ್ಟು ಸಲ ಒರೆಸಿದ್ರೂ ಏನಾಗಲ್ಲ. ಯಾಕೆ ಮೇಡಂ?"

"ಸುಮ್ನೆ ಕೇಳ್ದೆ."

ಮರುದಿನ ಆರಕ್ಕೆ ಅವಳಿಗೆ ಅಲಾರಾಂ ಇಲ್ಲದೆ ಎಚ್ಚರವಾಯಿತು. ಹಿತ್ತಲ ಬಾಗಿಲ ಚಿಲಕ ಸರಿಯಿತು. ಊರುಗೋಲಿನ ಸದ್ದು, ಆಮೇಲೆ ಉಸ್ಸೆಂಬ ಸದ್ದು, ನೀರಿನ ಸದ್ದು. "ಅಬ್ಬಾ" ಕೇಳಿಸಿತು, ಎಂದಿಗಿಂತ ಉದ್ದನೆಯದು, ಯಾರಿಗೂ ಕೇಳಿಸಬೇಕಿಲ್ಲದ್ದು. ಅವಳ ಕಾಲು ಅಭ್ಯಾಸಬಲದಿಂದ ಚಾದರದ ಹೊರಗೆ ಬಂದಿತ್ತು. ಅದನ್ನು ಒಳಗೆಳೆದುಕೊಂಡಳು.

ಪಕ್ಕದಲ್ಲಿ ಗಂಡ ಮಗ್ಗುಲಾಗಿ, "ಇವತ್ತಾದ್ರೂ ಮಲಗಿದ್ಯಲ್ಲ," ಎಂದು ಗೊಣಗಿದ.

"ಹೂಂ," ಎಂದಳು.

ಕಣ್ಣು ಮುಚ್ಚಿ ಅರ್ಧ ಗಂಟೆಯೂ ಆಲಿಸಿದಳು. ಮುಚ್ಚಳ ಮತ್ತೆ ಕೂತ ಸದ್ದಾಗುವವರೆಗೆ ಏಳಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಹೀಗೆಯೇ ಏಳಬಾರದು ಎಂದುಕೊಂಡಳು. ಮುಚ್ಚಳವನ್ನು ಮಾತ್ರ ವಾರಕ್ಕೊಮ್ಮೆ ಒರೆಸಬೇಕು. ಭಾನುವಾರ, ಬೆಳಗ್ಗೆ ಆರು ಗಂಟೆಗೆ, ಅತ್ತೆ ನೀರಿನಲ್ಲಿರುವಾಗ, ನಿಧಾನವಾಗಿ. ತಿಂಗಳಿಗೊಂದು ಸಲ ಎಂದು ಬರೆದಿದ್ದ ಆ ಕಾಗದವನ್ನು, ಎಲ್ಲರೂ ತಿಂಡಿಗೆ ಕೂತಾಗ, ತನ್ನ ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಇಟ್ಟಳು.