ಓಡದ ಗಾಡಿಯ ಫಿಲ್ಟರು

ಗುಳ್ಳೆ ಏಳುವುದು ನಿಲ್ಲುವ ತನಕ ಕೈ ಬಿಡುವ ಹಾಗಿಲ್ಲ. ಮೇಸ್ತ್ರಿ ಹೊಸ ಫಿಲ್ಟರನ್ನು ಪಾತ್ರೆಯ ನೀರಿನಲ್ಲಿ ಅದುಮಿ ಹಿಡಿದು ಕೂತಿದ್ದ. ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕ ಬಿಳಿ ಪ್ಲಾಸ್ಟಿಕ್ ಡಬ್ಬಿ ಅದು, ಒಳಗೆ ಇದ್ದಿಲ ಚೂರು, ಸಣ್ಣ ಸಣ್ಣ ಮಣಿ. ಗಾಳಿ ಪೂರ್ತಿ ಹೋಗುವ ಮೊದಲೇ ಟ್ಯಾಂಕಿಗೆ ಸಿಕ್ಕಿಸಿದರೆ ಯಂತ್ರ ನೀರು ಎಳೆಯದೆ ಸುಮ್ಮನೆ ಬುಸುಗುಟ್ಟುತ್ತದೆ. ಲಾರಿಯ ಡೀಸೆಲ್ ಪೈಪಿಗೆ ಗಾಳಿ ಸೇರಿಕೊಂಡರೆ ಏನಾಗುತ್ತದೆಂದು ಜೀವಮಾನವೆಲ್ಲ ಕಂಡವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮಗೂಗೆ ಸ್ನಾನ ಮಾಡಿಸ್ತಿರೋ ಹಾಗಿದೆ," ಎಂದಳು ಹೆಂಡತಿ ಮಂಚದಿಂದ. "ನಮ್ಮ ಮಗಳನ್ನ ಒಂದಿನಾನೂ ಹೀಗೆ ಹಿಡ್ಕೊಳ್ಳಲಿಲ್ಲ ನೀವು."

"ಅವಳು ಜಾರ್ತಿದ್ಲು," ಎಂದ ಮೇಸ್ತ್ರಿ.

ಕೆಂಪು ದೀಪ ಹತ್ತಿದ್ದು ಅಂದು ಬೆಳಿಗ್ಗೆ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಬಟನ್ ಒತ್ತಿದರೆ ಟೀ, ಕಾಫಿ, ಬಿಸಿನೀರು ಕೊಡುವ ಆ ಪುಟ್ಟ ಯಂತ್ರವನ್ನು ತಂದುಕೊಟ್ಟವಳು ಮಗಳು. ನೀರು ಕಾಯಿಸುವಾಗ ಒಂದೇ ಸಮನೆ ಗೊಣಗುತ್ತದೆಂದು ಹೆಂಡತಿ ಅದಕ್ಕೆ ಗೊಣಗಪ್ಪ ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಒಬ್ಬ ಗೊಣಗಪ್ಪ ಇದ್ದದ್ದು ಸಾಲದೇನೋ ಅಂತ ನಮ್ಮ ಮಗಳು ಇನ್ನೊಬ್ಬನನ್ನು ತಂದಳು ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಆಗ ಅವಳ ಮೈಯಲ್ಲಿ ಶಕ್ತಿಯಿತ್ತು. ಅಕ್ಕಪಕ್ಕದ ಹೆಂಗಸರು ಬಂದು ಕೂರುತ್ತಿದ್ದರು, ಮಾತಿಗೆ ಮಾತು ಸೇರುತ್ತಿತ್ತು, ಗೊಣಗಪ್ಪನಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಆಮೇಲೆ ಹೊಟ್ಟೆಯ ಕಾಯಿಲೆ ಬಂತು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ಮಾಡುವುದಕ್ಕೇನೂ ಉಳಿದಿಲ್ಲ ಎಂದು ಮೆಲ್ಲಗೆ ಹೇಳಿ ಮನೆಗೆ ಕಳಿಸಿದರು. ಬರುವಾಗ ಡಾಕ್ಟರಮ್ಮ ಮೇಸ್ತ್ರಿಯನ್ನೂ ಮಗಳನ್ನೂ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರು. ಎಲ್ಲಿಯವರೆಗೆ ಬಾಯಿಂದ ನೀರು, ಟೀ, ಏನಾದರೂ ಹೋಗುತ್ತಿರುತ್ತದೋ ಅಲ್ಲಿಯವರೆಗೆ ಮನೆಯಲ್ಲೇ ಇರಲಿ; ಅದು ನಿಂತರೆ ಕರೆದುಕೊಂಡು ಬನ್ನಿ, ಮೂಗಿನಿಂದ ನಳಿಗೆ ಹಾಕಿ ನೋಡೋಣ. ಆ ನಳಿಗೆಯ ರುಚಿ ಹೆಂಡತಿ ಒಮ್ಮೆ ಕಂಡಿದ್ದಳು. ಕಿತ್ತುಕೊಳ್ಳುತ್ತಾಳೆಂದು ಅವಳ ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. ಮನೆಗೆ ಬಂದ ದಿನವೇ ಅವಳು ಗಂಡನ ಅಂಗಿ ಹಿಡಿದೆಳೆದು, ಏನಾದರೂ ಆಗಲಿ, ಇನ್ನೊಂದು ಸಲ ಅಲ್ಲಿಗೆ ಕಳಿಸಬೇಡಿ ಎಂದು ಕೇಳಿಕೊಂಡಳು. ನೀನು ಕುಡೀತಾ ಇರು, ನಾನು ಕಳಿಸೋದಿಲ್ಲ ಎಂದು ಮೇಸ್ತ್ರಿ ಮಾತು ಕೊಟ್ಟ. ಮಾತು ಕೊಡುವುದಕ್ಕೇನು, ಬಾಯಿ ಇದ್ದರೆ ಸಾಕು.

ಆದರೆ ಅವಳ ಬಾಯಿಗೆ ಯಾವುದೂ ಸೇರಲಿಲ್ಲ. ಟೀ ಕೊಟ್ಟರೆ ಕಬ್ಬಿಣ ನೆಕ್ಕಿದ ಹಾಗಿದೆ ಎನ್ನುವಳು, ಬಿಸಿನೀರು ಕೊಟ್ಟರೂ ಅದೇ ಮಾತು. ಔಷಧಿಯಿಂದ ನಾಲಿಗೆ ಕೆಟ್ಟಿದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅವಳಿಗೂ ಅದು ಗೊತ್ತಿತ್ತು. "ಕುಣೀಲಾರದವಳು ನೆಲ ಡೊಂಕು ಅಂದ ಹಾಗಾಯ್ತು ನನ್ನ ಕಥೆ. ನೀರಿನ ತಪ್ಪೇನಿದೆ ಪಾಪ," ಎನ್ನುತ್ತಿದ್ದಳು. ಮೇಸ್ತ್ರಿ ಒಪ್ಪಲಿಲ್ಲ. ನಾಲಿಗೆಯನ್ನು ಅವನು ರಿಪೇರಿ ಮಾಡಲಾರ, ಆದರೆ ಯಂತ್ರವನ್ನು ಮಾಡಬಲ್ಲ. ಹಾಗಾಗಿ ತಪ್ಪು ಯಂತ್ರದ್ದೇ ಆಗಿರಬೇಕಿತ್ತು. ಸರ್ವಿಸಿನವನನ್ನು ಕರೆಸಿದ. ಅವನು ನೀರು ಕುಡಿದು ನೋಡಿ, ಏನೂ ದೋಷವಿಲ್ಲ, ಬೇಕಾದರೆ ಫಿಲ್ಟರ್ ಬದಲಾಯಿಸಿಕೊಳ್ಳಿ ಎಂದ. ದೀಪ ಕೆಂಪಾದಾಗಲೇ ಬದಲಾಯಿಸಿದರೂ ನಡೆಯುತ್ತದೆ, ಆದರೆ ಅದು ದಿನ ಎಣಿಸಿ ಕೆಂಪಾಗುತ್ತದೆಯೇ ಹೊರತು ಎಷ್ಟು ನೀರು ಹೋಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ ಎಂದೂ ಹೇಳಿ ಹೋದ. ಮೇಸ್ತ್ರಿ ಅವತ್ತೇ ಹೊಸದನ್ನು ತಂದು ಹಾಕಿದ.

ಅದೇನು ಮಾಯವೋ, ಫಿಲ್ಟರ್ ಬದಲಾಯಿಸಿದ್ದೇ ತಡ, ಹೆಂಡತಿ ಒಂದು ಗುಟುಕು ಕುಡಿದು, "ಈಗ ಪರವಾಗಿಲ್ಲ ರೀ," ಎಂದಳು.

ಅಂದಿನಿಂದ ಬೆಳಿಗ್ಗೆ ಗ್ಯಾರೇಜಿಗೆ ಹೊರಡುವ ಮುಂಚೆ ಅವನು ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿಡುವನು. ಸಂಜೆ ಬಂದು ನೋಡಿದರೆ ನೀರು ತಳ ಕಂಡಿರುತ್ತಿತ್ತು, ಕಪ್ಪು ತೊಳೆದು ಬೋರಲು ಹಾಕಿರುತ್ತಿತ್ತು. ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ಓಡಾಡುವಷ್ಟು ತ್ರಾಣ ಅವಳಿಗೆ ಇನ್ನೂ ಇತ್ತು. ಖಾಲಿ ಟ್ಯಾಂಕು ಕಂಡರೆ ಮೇಸ್ತ್ರಿಗೆ ಹೊಟ್ಟೆ ತುಂಬುತ್ತಿತ್ತು. ಸಂಜೆ ಕೆಲಸದಿಂದ ಹಾಗೇ ಬರುವ ಮಗಳೂ ಚಪ್ಪಲಿ ಬಿಟ್ಟವಳೇ ಮೊದಲು ಟ್ಯಾಂಕು ನೋಡುವಳು, ಆಮೇಲೆ ಅಮ್ಮನ ಮುಖ. ನೋಡಿದೆಯಾ, ಎಲ್ಲ ಫಿಲ್ಟರಿನಲ್ಲಿದೆ ಎಂದು ಮೇಸ್ತ್ರಿ ಅವಳೆದುರು ಬೀಗುತ್ತಿದ್ದ. ಹೆಂಡತಿಯ ತೋಳು ಒಮ್ಮೊಮ್ಮೆ ಮೊಣಕೈಯವರೆಗೆ ಒದ್ದೆಯಾಗಿರುತ್ತಿದ್ದದ್ದನ್ನು ಅವನು ಕಂಡಿದ್ದ. ಕೇಳಿದ್ದಕ್ಕೆ ಕಪ್ಪು ತೊಳೆದೆ ಎಂದಿದ್ದಳು.

ಹೀಗಿದ್ದೂ ಅವಳು ಇಳಿದು ಹೋಗುತ್ತಿದ್ದಳು. ಬೆನ್ನಿಗೆ ಕೈಕೊಟ್ಟು ಕೂರಿಸುವಾಗ ಖಾಲಿ ಕ್ಯಾನು ಎತ್ತಿದ ಹಾಗಿರುತ್ತಿತ್ತು. ತುಟಿಯ ಮೇಲೆ ಸಿಪ್ಪೆ ಏಳುತ್ತಿತ್ತು. ಇಷ್ಟು ಕುಡಿದರೂ ಹೀಗೇಕೆ ಎಂದು ಯೋಚಿಸಿ ಯೋಚಿಸಿ, ನೀರಿನಲ್ಲೇ ಏನೋ ಇದೆ, ನಿಜವಾಗಿಯೂ ಕಬ್ಬಿಣವೇ ಇದೆ ಎಂಬ ತೀರ್ಮಾನಕ್ಕೆ ಬಂದಿದ್ದ. ಅದಕ್ಕೇ ಈ ಬೆಳಿಗ್ಗೆ ಹಳೆಯ ಫಿಲ್ಟರನ್ನು ಬಿಚ್ಚಿ ಕಸಕ್ಕೆ ಹಾಕದೆ ಜೇಬಿಗೆ ಹಾಕಿಕೊಂಡ. ಹೊಸದನ್ನು ಕೂರಿಸಿ, ಮೊದಲ ಒಂದೆರಡು ಕಪ್ ನೀರು ಹೊರಗೆ ಚೆಲ್ಲಿ, ದೀಪ ಹಸಿರಾಗುವವರೆಗೆ ಬಟನ್ ಒತ್ತಿ ಹಿಡಿದು, ಟ್ಯಾಂಕು ತುಂಬಿಸಿ, ಟೀ ಮಾಡಿ ಅವಳ ಪಕ್ಕದ ಸ್ಟೂಲಿನ ಮೇಲಿಟ್ಟ.

"ಆರಲಿ, ಕುಡೀತೀನಿ. ನೀವು ಹೊರಡಿ," ಎಂದಳು.

ಗ್ಯಾರೇಜಿನಲ್ಲಿ ಇಂಜಿನ್ನಿನ ನಾಡಿ ಹಿಡಿಯುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಅವನ ದಾರಿ ಒಂದೇ. ಆಯಿಲ್ ಫಿಲ್ಟರನ್ನು ಬಿಚ್ಚಿ ಗರಗಸದಿಂದ ಕೊಯ್ದು, ಒಳಗಿನ ಕಾಗದವನ್ನು ಬೆಳಕಿಗೆ ಹಿಡಿದು ನೋಡುವುದು. ಹಿತ್ತಾಳೆಯ ಪುಡಿ ಹೊಳೆದರೆ ಬೇರಿಂಗ್ ಸವೆದಿದೆ, ಕಪ್ಪು ಕೆಸರಿದ್ದರೆ ಆಯಿಲ್ ಬದಲಾಯಿಸಿಲ್ಲ. ಲಾರಿ ಮಾಲೀಕರು ಏನೇ ಹೇಳಲಿ, ಬಾಯಿ ಸುಳ್ಳು ಹೇಳುತ್ತೆ, ಫಿಲ್ಟರ್ ಹೇಳಲ್ಲ ಎಂಬುದು ಅವನ ಮಾತು. ತಿಂಗಳುಗಟ್ಟಲೆ ಬಾಡಿಗೆಗೆ ಓಡಿಸಿದೆ ಎಂದ ಚಾಲಕನ ಗಾಡಿ ಶೆಡ್ಡಿನಲ್ಲೇ ನಿಂತಿತ್ತೆಂದು ಒಮ್ಮೆ ಫಿಲ್ಟರ್ ಕೊಯ್ದೇ ಹೇಳಿದ್ದ.

ಬಿಚ್ಚಿದ ಯಾವ ಸಾಮಾನನ್ನೂ ಎಸೆಯುವ ಜಾಯಮಾನ ಅವನದಲ್ಲ. ಗೊಣಗಪ್ಪನ ಮೊಟ್ಟಮೊದಲ ಫಿಲ್ಟರೂ, ಮನೆ ತುಂಬ ಜನ ಬಂದು ಕುಡಿದ ಕಾಲದ್ದು, ಅವನ ಡಬ್ಬದಲ್ಲೇ ಬಿದ್ದಿತ್ತು. ಹೋಲಿಸಿ ನೋಡಲು ಅದನ್ನೇ ಮೊದಲು ವೈಸಿನ ಇಕ್ಕಳಕ್ಕೆ ಕಚ್ಚಿಸಿ ಕೊಯ್ದ. ಒಳಗೆಲ್ಲ ಹಳದಿಗಟ್ಟಿತ್ತು, ಊರಿನ ಗಡಸು ನೀರಿನ ಸುಣ್ಣ ಮಣಿಗಳಿಗೆಲ್ಲ ಮೆತ್ತಿಕೊಂಡು ಹೆಂಟೆಯಾಗಿತ್ತು. ಇಷ್ಟಿದ್ದರೆ ಇನ್ನು ಇದರಲ್ಲಿ ಎಷ್ಟಿರಬೇಡ ಎಂದುಕೊಂಡು ಜೇಬಿನದನ್ನು ತೆಗೆದ. ಕಬ್ಬಿಣ ಸಿಗಲಪ್ಪ, ತುಕ್ಕು ಸಿಗಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಸಿಕ್ಕರೆ ನೀರಿನ ಕ್ಯಾನು ಹೊರಗಿನಿಂದ ತರಿಸಬಹುದು, ನೀರಿನ ಇಲಾಖೆಯವರ ಮೇಲೆ ಜಗಳಕ್ಕೆ ಹೋಗಬಹುದು, ಮಾಡುವುದಕ್ಕೆ ಏನಾದರೂ ಇರುತ್ತದೆ.

ಡಬ್ಬಿ ಎರಡು ಹೋಳಾಗಿ ಕೈಗೆ ಬಂತು. ಮಣಿಗಳು ಉದುರು ಉದುರಾಗಿ, ಬೆಳ್ಳಗೆ, ಅಂಗಡಿಯಿಂದ ತಂದ ಹಾಗೇ ಇದ್ದವು. ಬಾಯಿಯ ಹತ್ತಿರ ಮಾತ್ರ ಒಂದು ತೆಳು ಹಳದಿ ಗೆರೆ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬೇಕು? ಬೇರೆ ಯಾರದಾದರೂ ಆಗಿದ್ದರೆ ನೋಡಿದ ಕೂಡಲೇ ಹೇಳಿಬಿಡುತ್ತಿದ್ದ, ಇದು ಓಡದ ಗಾಡಿಯ ಫಿಲ್ಟರು. ಈ ಡಬ್ಬಿಯೊಳಗೆ ನೀರು ಹೆಚ್ಚು ಹಾದೇ ಇಲ್ಲ. ದಿನಾ ಖಾಲಿಯಾದ ಟ್ಯಾಂಕಿನ ನೀರು ಯಂತ್ರದೊಳಗಿಂದ ಕಪ್ಪಿಗೆ ಬಂದಿಲ್ಲ, ಬೇರೆಲ್ಲೋ ಹೋಗಿದೆ. ಆ ಒದ್ದೆ ತೋಳು ನೆನಪಾಯಿತು.

ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಸಂಸಾರ ಮಾಡಿ ನನಗೇ ಟೋಪಿ ಹಾಕಿದಳಲ್ಲ ಎಂದು ಮೈ ಉರಿಯಿತು. ನಾನು ಅಲ್ಲಿ ಮಗಳೆದುರು ಜಂಭ ಕೊಚ್ಚುತ್ತಿದ್ದರೆ ಇವಳು ಮಂಚದ ಮೇಲೆ ಮಲಗಿ ಏನೂ ಅರಿಯದವಳ ಹಾಗೆ ಕೇಳುತ್ತಿದ್ದಳಲ್ಲ. ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಅದರ ಹಿಂದೆಯೇ ಭಯ ಬಂತು, ಹಳೆಯ ಟೈರಿನ ಮೇಲೆ ಕೂತ. ಅಂಚಿನವರೆಗೆ ತುಂಬಿದ ಟ್ಯಾಂಕನ್ನು ಎರಡು ಕೈಯಲ್ಲಿ ಎತ್ತಿ ಸಿಂಕಿಗೆ ಬಗ್ಗಿಸಲು ಅವಳು ಎಷ್ಟು ಒದ್ದಾಡಿರಬೇಕು. ಕುಡಿಯುವುದೇ ಅದಕ್ಕಿಂತ ಸುಲಭವಿತ್ತಲ್ಲ. ಇಲ್ಲ, ಇರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು.

ಮಧ್ಯಾಹ್ನವೇ ಮನೆಗೆ ಬಂದ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸ್ಟೂಲಿನ ಮೇಲೆ ಬೆಳಗಿನ ಟೀ ಹಾಗೇ ತಣ್ಣಗೆ ಕೂತಿತ್ತು, ಮೇಲೆ ಕೆನೆಗಟ್ಟಿತ್ತು. ಟ್ಯಾಂಕಿನಲ್ಲಿ ನೀರು ಅವನು ತುಂಬಿಸಿಟ್ಟಲ್ಲೇ ಇತ್ತು. ಅವನು ಬರುವ ಹೊತ್ತಿಗೆ ಮುಂಚೆ ಎದ್ದು ಚೆಲ್ಲುತ್ತಿದ್ದಳೆಂದು ಕಾಣುತ್ತದೆ, ಇವತ್ತು ಅದಕ್ಕೆ ಇನ್ನೂ ಹೊತ್ತಾಗಿರಲಿಲ್ಲ.

ಮೇಸ್ತ್ರಿ ಫೋನು ತೆಗೆದು ಮಗಳ ನಂಬರಿನ ಮೇಲೆ ಬೆರಳಿಟ್ಟ. ಒತ್ತಿದರೆ ಅವಳು ಕೆಲಸ ಬಿಟ್ಟು ಓಡಿ ಬರುತ್ತಾಳೆ. ಅತ್ತುಕೊಂಡೇ ಗಾಡಿ ಕರೆಸುತ್ತಾಳೆ. ಅವಳಾದರೂ ಏನು ಮಾಡಿಯಾಳು, ಹೆತ್ತ ತಾಯಿಯಲ್ಲವೇ. ಸಂಜೆಯ ಹೊತ್ತಿಗೆ ಮೂಗಿಗೆ ನಳಿಗೆ, ಕೈಗೆ ಬಟ್ಟೆಯ ಕಟ್ಟು. ಹೆಂಡತಿಯ ಕೈ ಹೊದಿಕೆಯ ಹೊರಗೆ ಚಾಚಿತ್ತು. ಮಣಿಕಟ್ಟಿನ ಮೇಲೆ ಆ ಕಟ್ಟಿನ ಕಲೆ ಇನ್ನೂ ಮಾಸಿರಲಿಲ್ಲ. ಪೂರ್ತಿ ಸವೆದ ಇಂಜಿನ್ನು ತಂದು, ಬಿಚ್ಚಿ ನೋಡಿ ಮೇಸ್ತ್ರಿ ಎಂದು ದುಂಬಾಲು ಬಿದ್ದವರಿಗೆ ಅವನೇ ಎಷ್ಟೋ ಸಲ ಹೇಳಿದ್ದುಂಟು: ಬಿಚ್ಚಿದರೆ ಮತ್ತೆ ಸೇರೋದಿಲ್ಲ, ಓಡುವಷ್ಟು ಓಡಲಿ ಬಿಡಿ. ಕಬ್ಬಿಣದ ವಿಷಯದಲ್ಲಿ ಆ ಮಾತು ಹೇಳುವುದು ಎಷ್ಟು ಸುಲಭವಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡ.

ಹೆಂಡತಿಯ ಪಕ್ಕದಲ್ಲೇ ಕೂತಿದ್ದು, ಮಗಳು ಬರುವ ವೇಳೆ ಸಮೀಪಿಸಿದಾಗ ಎದ್ದ. ಕಪ್ಪಿನ ಟೀಯನ್ನು ಸಿಂಕಿಗೆ ಸುರಿದು, ಕಪ್ಪು ತೊಳೆದು ಬೋರಲು ಹಾಕಿದ. ಆಮೇಲೆ ಗೊಣಗಪ್ಪನ ಬೆನ್ನಿನಿಂದ ಟ್ಯಾಂಕನ್ನು ಎತ್ತಿ ಸಿಂಕಿನ ಮೇಲೆ ಮೆಲ್ಲಗೆ ವಾಲಿಸಿದ. ಸದ್ದಾಗದಿರಲಿ ಎಂದು ನೀರನ್ನು ಸಿಂಕಿನ ಬದಿಗುಂಟ ಇಳಿಯಬಿಟ್ಟ. ನೀರು ಅವನ ತೋಳಿನೊಳಕ್ಕೂ ಹರಿಯಿತು.

"ಪೂರ್ತಿ ಚೆಲ್ಲಬೇಡಿ," ಎಂದಿತು ಹಿಂದೆ ಮಂಚದಿಂದ ಹೆಂಡತಿಯ ದನಿ. "ತಳದಲ್ಲಿ ಸ್ವಲ್ಪ ಇರಲಿ. ಪೂರ್ತಿ ಖಾಲಿ ಆದ್ರೆ ಅವಳಿಗೆ ಅನುಮಾನ ಬರುತ್ತೆ."

ಮೇಸ್ತ್ರಿ ಟ್ಯಾಂಕನ್ನು ನೆಟ್ಟಗೆ ಹಿಡಿದು ನಿಂತ. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

"ಯಾವತ್ತಿಂದ?"

"ನೀವು ಆ ಫಿಲ್ಟರ್ ಹಾಕಿದ ದಿನದಿಂದ. ಮೊದಮೊದಲು ಸ್ವಲ್ಪ ಕುಡೀತಿದ್ದೆ. ಆಮೇಲೆ ಒಂದೆರಡು ಗುಟುಕಿಗಿಂತ ಹೆಚ್ಚು ಒಳಗೆ ಹೋಗ್ಲೇ ಇಲ್ಲ." ಅವಳು ಉಸಿರು ತೆಗೆದುಕೊಂಡಳು. "ಅವತ್ತು ನಿಮ್ಮ ಮುಖ ನೋಡಿ ಪರವಾಗಿಲ್ಲ ಅಂದೆ. ಅಷ್ಟು ಖುಷಿಯಾಗಿದ್ರಿ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವನು ಟ್ಯಾಂಕನ್ನು ಯಂತ್ರದ ಬೆನ್ನಿಗೆ ಸಿಕ್ಕಿಸಿ ಬಂದು ಮಂಚದ ಅಂಚಿನಲ್ಲಿ ಕೂತ. ಹತ್ತಿಯ ಚೂರನ್ನು ಒದ್ದೆ ಮಾಡಿ ಅವಳ ತುಟಿಗೆ ಸವರಿದ.

"ನಂಗೆ ಭಯ ಆಗ್ತಿದೆ ಕಣೇ," ಎಂದ.

"ಗೊತ್ತು," ಎಂದಳು. "ಆದ್ರೂ ಕಳಿಸ್ಬೇಡಿ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಮಗಳು ಬಂದವಳೇ ಚಪ್ಪಲಿ ಬಿಟ್ಟು, ಎಂದಿನ ಹಾಗೆ ಮೊದಲು ಅಡುಗೆಮನೆಗೆ ಹೋಗಿ ಟ್ಯಾಂಕು ನೋಡಿದಳು. ಅಮ್ಮ ಇವತ್ತೂ ಚೆನ್ನಾಗಿ ಕುಡಿದಿದ್ದಾಳೆ ಎಂದು ಅಲ್ಲಿಂದಲೇ ಹೇಳಿದಳು. ಅವಳ ದನಿ ಹಗುರವಾಗಿತ್ತು. ಹೊಸ ಫಿಲ್ಟರ್ ಅಲ್ಲವೇ ಎಂದಳು ಹೆಂಡತಿ, ಕಣ್ಣು ಮುಚ್ಚಿಕೊಂಡೇ.

ಮಗಳು ಹೊರಗೆ ಬಂದು ಅಪ್ಪನನ್ನು ನೋಡಿದಳು.

"ಅಪ್ಪ, ತೋಳೆಲ್ಲ ಒದ್ದೆ ಮಾಡ್ಕೊಂಡಿದೀಯಲ್ಲ?"

"ಕಪ್ಪು ತೊಳೀತಿದ್ದೆ," ಎಂದ ಮೇಸ್ತ್ರಿ.

ಅವಳು ನಾಳೆ ಬೆಳಿಗ್ಗೆ ಅಪ್ಪನಿಗೆ ಒಂದು ಕೆಲಸ ತಪ್ಪಲಿ ಎಂದು ಮತ್ತೆ ಒಳಗೆ ಹೋಗಿ, ಟ್ಯಾಂಕನ್ನು ನಲ್ಲಿಯ ಕೆಳಗೆ ಹಿಡಿದು ಅಂಚಿನವರೆಗೆ ತುಂಬಿಸಿ, ಒಂದು ಹನಿಯೂ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಗೊಣಗಪ್ಪನ ಬೆನ್ನಿಗೆ ಕೂರಿಸಿದಳು.