ಅಪೊಲೋನಿಯಾಳ ತಿಥಿ

ಮಹೇಶ್ವರಪ್ಪನವರು ಸ್ಟೂಲು ಹತ್ತಿ ಪಟಕ್ಕೆ ಸೇವಂತಿಗೆ ಹಾರ ಹಾಕುತ್ತಿದ್ದರು. ಹಲ್ಲಿನ ಡಾಕ್ಟರು ಸಿರಿಲ್ ಮೊಂತೆರೊ ಕೆಳಗೆ ಸ್ಟೂಲಿನ ಕಾಲು ಹಿಡಿದು ನಿಂತು, ಹಾರ ಎಡಕ್ಕೆ ವಾಲಿದೆ ಎಂದು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದರು. ಮಹೇಶ್ವರಪ್ಪನವರು ಮೂವತ್ತೆರಡು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದವರು. ಅವರೆದುರು ಯಾವುದನ್ನಾದರೂ ವಾಲಿದೆ ಎನ್ನುವುದಕ್ಕೆ ಚನ್ನಗಿರಿಯಲ್ಲಿ ಧೈರ್ಯ ಬೇಕು.

ಅಂದು ಫೆಬ್ರವರಿ ಒಂಬತ್ತು. ಸಂಜೆ ಆರು ಗಂಟೆ. ಕೊನೆಯ ಪೇಷಂಟು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮೆಟ್ಟಿಲಿಳಿದಾಗಿತ್ತು.

ಪಟದಲ್ಲಿದ್ದವಳು ಸಂತ ಅಪೊಲೋನಿಯಾ, ಹಲ್ಲುನೋವಿನವರನ್ನು ಕಾಯುವವಳು. ಹನ್ನೊಂದು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಎದುರಿನ ಈ ಮಹಡಿಯಲ್ಲಿ ಸಿರಿಲ್ ಕ್ಲಿನಿಕ್ ತೆರೆದಾಗ ಬಂಟ್ವಾಳದಿಂದ ತಾಯಿ ಕಳಿಸಿದ್ದ ಪಟ. ತಲೆಗೆ ಸೆರಗು ಹೊದ್ದಂತಿರುವ ಮೂವತ್ತರ ಹೆಂಗಸು, ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲೊಂದು ಹಲ್ಲು. ಸಿರಿಲ್ ಅದಕ್ಕೊಂದು ಕೆಂಪು ಬಲ್ಬು ಹಾಕಿಸಿದರು. ವರ್ಷಕ್ಕೊಮ್ಮೆ, ಫೆಬ್ರವರಿ ಒಂಬತ್ತಕ್ಕೆ, ಅವಳ ಹಬ್ಬದ ದಿನ ಮೇಣದಬತ್ತಿ ಹಚ್ಚಿದರು. ಊರಿಗೆ ಇಷ್ಟು ಸಾಕಾಯಿತು. ಗೋಡೆಯ ಮೇಲೆ ಹೆಂಗಸಿನ ಪಟ, ಪಟಕ್ಕೆ ಬಲ್ಬು, ಮನೆಯಲ್ಲಿ ಒಬ್ಬನೇ ಗಂಡಸು. ಇದಕ್ಕೆ ಬೇರೆ ಅರ್ಥವನ್ನು ಯಾರೂ ಹುಡುಕಲಿಲ್ಲ. ಇಕ್ಕಳವೂ ಅಡ್ಡಿ ಬರಲಿಲ್ಲ. ಆಯಮ್ಮನೂ ಹಲ್ಲಿನ ಡಾಕ್ಟರೇ ಅಂತೆ, ಗಂಡ ಹೆಂಡತಿ ಮಂಗಳೂರಲ್ಲಿ ಜೊತೆಗೇ ಓದಿದ್ದಂತೆ ಎಂಬ ಸುದ್ದಿ ನಲ್ಲೂರಿನವರೆಗೂ ಹೋಯಿತು. ತಲೆಯ ಹಿಂದಿನ ಬಂಗಾರದ ಪ್ರಭೆ ದಾವಣಗೆರೆಯ ಯಾವುದೋ ಸ್ಟುಡಿಯೋದವರ ಕೆಲಸ ಎಂದಾಯಿತು.

ಸಿರಿಲ್ ತಿದ್ದಬಹುದಿತ್ತು. ಆದರೆ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದ ಸಾವಂತ್ರಮ್ಮ ಎಂಬ ಅಜ್ಜಿ ಪಟ ನೋಡಿ ಲೊಚಗುಟ್ಟಿ, ಮರುದಿನ ಡಬ್ಬಿಯಲ್ಲಿ ರೊಟ್ಟಿ, ಕಾಳುಪಲ್ಯ ಕಳಿಸಿಬಿಟ್ಟರು. ತಿಂದ ಮೇಲೆ ತಿದ್ದುವುದು ಕಷ್ಟ. ಅಲ್ಲದೆ, ಮದುವೆಯಾಗದೆ ನಲವತ್ತು ದಾಟಿದ ಗಂಡಸನ್ನು ಊರು ಮೇಲಿಂದ ಕೆಳಗೆ ನೋಡುತ್ತದೆ. ಹೆಂಡತಿ ಸತ್ತವನಿಗೆ ಕುರ್ಚಿ ಕೊಡುತ್ತದೆ. ಸಿರಿಲ್ ಕುರ್ಚಿಯಲ್ಲಿ ಕೂತರು.

ಎರಡು ವರ್ಷದ ಹಿಂದೆ ಮಹೇಶ್ವರಪ್ಪನವರ ಹೆಂಡತಿ ಕೊಲ್ಲಾಪುರಮ್ಮ ತೀರಿಕೊಂಡರು. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ಅವರು ಈ ಮೆಟ್ಟಿಲು ಹತ್ತಿ ಬಂದು, ಪಟದ ಕಡೆ ನೋಡಿ, ನಿಮಗಾದ್ರೆ ಗೊತ್ತಾಗತೈತೆ ಅಂತ ಬಂದೆ ಎಂದು ಕೂತರು. ಆವತ್ತಿನಿಂದ ದಿನಾ ಬರುತ್ತಾರೆ. ಕೊಲ್ಲಾಪುರಮ್ಮ ಚಹಾಕ್ಕೆ ಶುಂಠಿ ಜಾಸ್ತಿ ಹಾಕುತ್ತಿದ್ದದ್ದು, ಅದಕ್ಕೆ ತಾವು ಬೈಯುತ್ತಿದ್ದದ್ದು, ಈಗ ಶುಂಠಿಯ ವಾಸನೆ ಬಂದರೆ ಹೋಟೆಲಿನಿಂದ ಎದ್ದು ಬರುವುದು, ಎಲ್ಲವನ್ನೂ ಹೇಳುತ್ತಾರೆ. ಎರಡು ಸಲ ಅತ್ತಿದ್ದಾರೆ. ಸಿರಿಲ್‌ಗೆ ಇಡೀ ದಿನದಲ್ಲಿ ಎದುರು ನೋಡುವಂಥದ್ದು ಅಂತ ಇದ್ದದ್ದು ಅದೊಂದು ಗಂಟೆ.

ಮಹೇಶ್ವರಪ್ಪನವರು ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡರು.

"ನನ್ನವಳದ್ದೆಲ್ಲ ಹೇಳಿ ಮುಗಿಸೀನಿ ಡಾಕ್ಟ್ರೇ. ನಿಮ್ಮ ಮನೆಯವ್ರದ್ದು ಒಂದು ಮಾತೂ ನೀವು ಆಡಿಲ್ಲ. ಇವತ್ತು ಅವ್ರ ತಿಥಿ. ಹೆಂಗೆ ಹೋದ್ರು?"

ಜ್ವರ ಎಂದಿದ್ದರೆ ಮುಗಿಯುತ್ತಿತ್ತು. ಜ್ವರ ನಾಲಿಗೆಯ ಮೇಲೆ ಬಂದೂ ಇತ್ತು. ಆದರೆ ಅವಳ ಹಬ್ಬದ ದಿನ, ಅವಳ ಕೆಳಗೇ ನಿಂತು ಹಾಗೆನ್ನಲು ಸಿರಿಲ್‌ಗೆ ಆಗಲಿಲ್ಲ. ತಾಯಿಯಿಂದ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರು.

"ಊರಿನವರು ಹಿಡಿದು ಹೊಡೆದರು. ಹಲ್ಲೆಲ್ಲ ಉದುರುವ ಹಾಗೆ. ಆಮೇಲೆ ಬೆಂಕಿ ಹಾಕಿ, ನಿನ್ನ ದೇವರನ್ನು ಬೈಯಿ, ಇಲ್ಲದಿದ್ದರೆ ಇದಕ್ಕೆ ನೂಕುತ್ತೇವೆ ಅಂದರು. ಅವರು ನೂಕುವ ಮೊದಲು ಅವಳೇ ಹಾರಿದಳು."

ಮಹೇಶ್ವರಪ್ಪನವರು ಕೂತುಬಿಟ್ಟರು. ಯಾವ ಊರಾಗೆ ಎಂದು ಕೇಳಿದರು. ಅಲೆಕ್ಸಾಂಡ್ರಿಯಾ, ಈಜಿಪ್ಟು ಎಂದಾಗ, ಹೊರದೇಶದ ನೌಕರಿಯೇ ಹಿಂಗೆ ಎಂಬಂತೆ ತಲೆಯಾಡಿಸಿದರು. ಪೊಲೀಸ್ ಕೇಸು ಆಯ್ತಾ ಎಂದರು.

"ಇಲ್ಲ ಸರ್. ಸಾವಿರದ ಏಳುನೂರು ವರ್ಷದ ಮೇಲಾಯಿತು."

ಕೆಳಗೆ ಶಿವಮೊಗ್ಗದ ಬಸ್ಸಿನ ಕಂಡಕ್ಟರು ಕೂಗಿ ಕೂಗಿ ಹೊರಟುಹೋದ. ಆಮೇಲೆ ಮಹೇಶ್ವರಪ್ಪನವರು ತಕರಾರಿನ ಜಮೀನು ಅಳೆಯುವವರ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು. ಇವರು ನಿಮ್ಮ ಹೆಂಡತಿ ಅಲ್ಲ? ಅಲ್ಲ. ಮತ್ತೆ ಹೆಂಡತಿ? ಮದುವೆಯಾಗಲಿಲ್ಲ. ಯಾರೂ ಇಲ್ಲ? ತಾಯಿ ಇದ್ದರು, ನಾಲ್ಕು ವರ್ಷದ ಹಿಂದೆ ಹೋದರು.

"ಹಂಗಾದ್ರೆ ಎರಡು ವರ್ಷ ನಾನು ಯಾರ ಮುಂದೆ ಅತ್ತೆ?"

"ನನ್ನ ಮುಂದೆ," ಎಂದರು ಸಿರಿಲ್.

ಮಹೇಶ್ವರಪ್ಪನವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿದರು. "ನೀವು ಒಂದು ಸುಳ್ಳೂ ಹೇಳಿಲ್ಲ ನೋಡ್ರಿ. ಬೈಯಾಕೂ ದಾರಿ ಇಲ್ಲ."

ಮರುದಿನ ಸಂಜೆ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಸುದ್ದಿ ಊರೆಲ್ಲ ಹರಡಿರುತ್ತದೆಂದು ಸಿರಿಲ್ ಕಾದರು, ಹರಡಿರಲಿಲ್ಲ. ಪೇಷಂಟುಗಳು ಎಂದಿನಂತೆ ಪಟ ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಅಷ್ಟು ವಯಸ್ಸಿಗೇ ಹೋದ್ರಲ್ಲ ಎನ್ನುತ್ತಿದ್ದರು. ಈಗ ಅದನ್ನು ಕೇಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಆರು ಗಂಟೆಗೆ ಕೈ ತೊಳೆದು ಎರಡು ಚಹಾ ತರಿಸಿ, ಒಂದನ್ನು ಕುಡಿದು, ಇನ್ನೊಂದನ್ನು ಬೇಸಿನ್ನಿಗೆ ಚೆಲ್ಲುತ್ತಿದ್ದರು. ಒಂದು ವಾರದ ಮೇಲೆ ಒಂದೇ ತರಿಸಿದರು.

ಹದಿನೆಂಟನೇ ದಿನ ಬೆಳಿಗ್ಗೆ ಹೊರಗಿನ ಬೆಂಚಿನಲ್ಲಿ, ಕೆನ್ನೆ ಊದಿದವರ ಮಧ್ಯೆ, ಮಹೇಶ್ವರಪ್ಪನವರು ಕೂತಿದ್ದರು. ತಮ್ಮ ಸರದಿ ಬಂದಾಗ ಒಳಗೆ ಬಂದು, ಪಟದ ಕಡೆ ನೋಡದೆ, ಪೇಷಂಟಿನ ಕುರ್ಚಿಯಲ್ಲಿ ಒರಗಿದರು. ಹಲ್ಲು ನೋವು ಎಂದರು. ಯಾವುದು ಎಂದು ಕೇಳಿದರೆ ಗೊತ್ತಾಗ್ತಿಲ್ಲ, ನೀವೇ ನೋಡ್ರಿ ಎಂದರು.

ಸಿರಿಲ್ ಲೈಟು ಎಳೆದುಕೊಂಡು ನೋಡಿದರು. ಅಡಿಕೆಯ ಊರಲ್ಲಿ ಹುಟ್ಟಿಯೂ ಒಂದು ಹೋಳು ಅಗಿಯದ ಬಾಯಿ. ಹುಳುಕಿಲ್ಲ, ಊತವಿಲ್ಲ, ಒಂದೊಂದು ಹಲ್ಲೂ ಜಮೀನಿನ ಗಡಿಗೆ ಬಾಂದುಕಲ್ಲು ನೆಟ್ಟ ಹಾಗೆ ತನ್ನ ಜಾಗದಲ್ಲಿತ್ತು. ಕನ್ನಡಿಯ ಹಿಡಿ ತಿರುಗಿಸಿ ಒಂದು ಹಲ್ಲಿಗೆ ಮೆಲ್ಲಗೆ ತಟ್ಟಿದರು.

"ಇದಾ?"

ಮಹೇಶ್ವರಪ್ಪನವರು ಕಣ್ಣು ಮುಚ್ಚಿಕೊಂಡೇ ಅಲ್ಲವೆಂದು ತಲೆಯಾಡಿಸಿದರು.

"ಇದಾ?"

ಅದೂ ಅಲ್ಲ. ಹೊರಗೆ ಬೆಂಚಿನಲ್ಲಿ ಯಾರೋ ಇಷ್ಟು ಹೊತ್ತು ಏನು ಮಾಡ್ತಾರಪ್ಪ ಎಂದು ಗೊಣಗಿದರು. ಮೇಲಿನ ಸಾಲು ಮುಗಿಯಿತು. ಸಿರಿಲ್ ತಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕೆಳಗಿನ ಸಾಲು ಶುರು ಮಾಡಿದರು, ಹಿಂದಿನ ದವಡೆಯಿಂದ, ಅವಸರವಿಲ್ಲದೆ.